ಆರು ಅಡಿ ಹಿಮ, ಐದೂವರೆ ಅಡಿ ಚಂದ್ರಮೋಹನ

ಲೀಲಾವತಿ: ಫೋಟೋ ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳ್ದೆ? ಅಲ್ಲಿ ಹಿಮ ಎಷ್ಟು ಬೀಳತ್ತೆ ಅಂತ ಕೇಳ್ದೆ, ಅಷ್ಟೆ.

ಚಂದ್ರಮೋಹನ: ಅದಕ್ಕೂ ಇದಕ್ಕೂ ಏನು ಸಂಬಂಧ? ಸಂಜೆಯೊಳಗೆ ಇದು ಸಂಘದ ಸಂಚಿಕೆಗೆ ಅಚ್ಚಿಗೆ ಹೋಗ್ಬೇಕು. ಕೆಳಗೆ ಏನು ಬರೀಲಿ ಅಂತ ಕೇಳಿದ್ರೆ, ನೀನು ಹವಾಮಾನ ಕೇಳ್ತೀಯ.

ಲೀಲಾವತಿ: ಎಷ್ಟು ಬೀಳತ್ತೆ ರೀ?

ಚಂದ್ರಮೋಹನ: ಆರು ಅಡಿ. ಒಳ್ಳೇ ವರ್ಷ ಆದ್ರೆ ಏಳು.

ಲೀಲಾವತಿ: ನೀವೆಷ್ಟು ಎತ್ತರ?

ಚಂದ್ರಮೋಹನ: ಐದೂವರೆ. ಮದುವೆಗೆ ಮುಂಚೆ ಐದು-ಎಂಟು ಅಂತ ಹೇಳಿದ್ದು ನಮ್ಮಮ್ಮ, ನಾನಲ್ಲ.

ಲೀಲಾವತಿ: ಈ ಬೋರ್ಡು ನಿಮ್ಮ ಭುಜಕ್ಕೆ ಸಮ ಇದೆ.

ಡಲ್ಲಾಸ್ ಪಕ್ಕದ ಇರ್ವಿಂಗಿನ ಆ ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿ ಸುಮ್ಮನಾಯಿತು. ಚಂದ್ರಮೋಹನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೊಲರಾಡೋದ ಕಾಡು, ಆಗಸ್ಟ್ ತಿಂಗಳ ಬಿಸಿಲು, ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ನಗು. ಪಕ್ಕದ ಮರಕ್ಕೆ ಅವನೇ ಹೊಡೆದ ಹಳದಿ ಬೋರ್ಡು: ಮುಂದೆ ಕೆರೆ, ಎಡಕ್ಕೆ ತಿರುಗಿ. ನಿಜ, ಭುಜಕ್ಕೆ ಸಮ ಇತ್ತು.

ಡಲ್ಲಾಸಿನಲ್ಲಿ ಖಾತ್ರಿಯಾಗಿ ಹಿಮ ಸಿಗುವ ಜಾಗ ಫ್ರಿಜ್ಜಿನ ಮೇಲಿನ ಖಾನೆ ಒಂದೇ. ಆದರೂ ಅಲ್ಲೊಂದು ಸ್ನೋಮೊಬೈಲ್ ಕ್ಲಬ್ಬಿತ್ತು. ಹಿಮದ ಮೇಲೆ ಓಡುವ ಮೋಟರ್ ಗಾಡಿಯ ಹುಚ್ಚು ಹಿಡಿದ ನಲವತ್ತು ಜನ ಚಳಿಗಾಲದಲ್ಲಿ ಹದಿನಾಲ್ಕು ಗಂಟೆ ಡ್ರೈವ್ ಮಾಡಿ ಕೊಲರಾಡೋಗೆ ಹೋಗುತ್ತಿದ್ದರು. ಅಲ್ಲಿನ ಒಂದಿಷ್ಟು ಕಾಡುದಾರಿಯನ್ನು ಬೇಸಿಗೆಯಲ್ಲಿ ಅವರೇ ಸ್ವಂತ ಕೈಯಿಂದ ಸರಿ ಮಾಡಬೇಕು. ಬಿದ್ದ ಮರ ಕಡಿಯಬೇಕು, ಬೋರ್ಡು ಹೊಡೆಯಬೇಕು. ಆಫೀಸಿನ ಗೆಳೆಯನ ಮಾತಿಗೆ ಚಂದ್ರಮೋಹನ ಈ ವರ್ಷ ಸೇರಿದ್ದ. ಹಿಮವನ್ನು ಅವನು ಇನ್ನೂ ಹತ್ತಿರದಿಂದ ಕಂಡಿರಲಿಲ್ಲ. ಹೂಸ್ಟನ್ನಿನಿಂದ ಹಳೆಯ ಸ್ನೇಹಿತ ವೆಂಕಟೇಶನನ್ನೂ ಎಳೆದುಕೊಂಡು ಹೋಗಿದ್ದ. ಇಬ್ಬರೂ ಸೇರಿ ಇಪ್ಪತ್ತೆರಡು ಬೋರ್ಡು ಹೊಡೆದು ಬಂದರು.

ಸುದ್ದಿ ಕನ್ನಡ ಸಂಘಕ್ಕೆ ಮುಟ್ಟಿತು. ಪ್ರತಿ ರಾಜ್ಯೋತ್ಸವಕ್ಕೆ ಐದು ಜನ ಸಮಾಜಸೇವಕರಿಗೆ ಶಾಲು ಹೊದಿಸುವುದು ಸಂಘದ ಪದ್ಧತಿ. ಆಯ್ಕೆ ಸಮಿತಿಯ ಏಳೂ ಜನರಿಗೆ ಹಿಂದಿನ ವರ್ಷಗಳಲ್ಲೇ ಶಾಲು ಸಂದಾಯವಾಗಿದ್ದರಿಂದ, ಈ ಸಲ ನಿಜವಾಗಿ ಏನಾದರೂ ಮಾಡಿದವರನ್ನು ಹುಡುಕುವ ಕಷ್ಟ ಬಂತು. ಚಂದ್ರಮೋಹನ ಸಿಕ್ಕಿದ. ಈ ಶನಿವಾರ ಸನ್ಮಾನ. ವಾರದಿಂದ ಅವನು ಬಚ್ಚಲಲ್ಲಿ ನಿಂತು "ನಾನು ನಿಮಿತ್ತ ಮಾತ್ರ" ಎಂದು ಅಭ್ಯಾಸ ಮಾಡುತ್ತಿದ್ದ.

ಚಂದ್ರಮೋಹನ: ನೋಡು ಲೀಲಾ, ಹಿಮ ಹಾಗೇ ನಿಂತಿರಲ್ಲ. ಗಾಡಿ ಓಡಿ ಓಡಿ ಅಮುಕಿಹೋಗತ್ತೆ. ಆರು ಅಡಿ ನಾಲ್ಕು ಅಡಿ ಆಗತ್ತೆ.

ಲೀಲಾವತಿ: ಸರಿ, ಆಗ ಬೋರ್ಡು ಗಾಡಿಯೋರ ಪಾದದ ಹತ್ರ ಬರತ್ತೆ. ಮುಂದೆ ಕೆರೆ ಅಂತ ಬಗ್ಗಿ ಓದ್ಕೊಂಡು ಹೋಗ್ತಾರಾ?

ಚಂದ್ರಮೋಹನ: ನಮ್ಮ ಆಫೀಸಲ್ಲಿ ಸಾಫ್ಟ್‌ವೇರಿನ ಇಂಥ ತಪ್ಪನ್ನೆಲ್ಲ ಮುಂದಿನ ರಿಲೀಸಿಗೆ ಹಾಕ್ತೀವಿ.

ಲೀಲಾವತಿ: ಕೆರೆಗೆ ಬಿದ್ದೋರನ್ನೂ ಮುಂದಿನ ರಿಲೀಸಲ್ಲೇ ಎತ್ತೋದಾ?

ಅವಳು ಅಷ್ಟಕ್ಕೇ ಬಿಡದೆ ಇನ್ನೊಂದು ಕೇಳಿದಳು. ಕ್ಲಬ್ಬಿನವರು ಏಣಿ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು, ಕ್ಲಬ್ಬಿನ ಟ್ರಕ್ಕಿನಲ್ಲೇ ಇತ್ತು. ಹಿಡಿಯುವವರಿರಲಿಲ್ಲ. ಮತ್ತೆ ವೆಂಕಟೇಶ? ಅವನ ಕೈಯಲ್ಲಿ ಕ್ಯಾಮೆರಾ ಇತ್ತು.

ಲೀಲಾವತಿ: ಇಪ್ಪತ್ತೆರಡು ಬೋರ್ಡಿಗೂ?

ಚಂದ್ರಮೋಹನ: ಬೆಳಕು ಚೆನ್ನಾಗಿತ್ತು.

ಅವಳು ಹೂಸ್ಟನ್ನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ವೆಂಕಟೇಶ ಅಲ್ಲಿನ ಪೆಟ್ರೋಲಿಯಂ ಕಂಪನಿಯೊಂದರಲ್ಲಿದ್ದವನು, ತೊಂದರೆಯ ಸುದ್ದಿಯನ್ನು ತಣ್ಣಗೆ ಕೇಳುವ ಅಭ್ಯಾಸ ಅವನಿಗಿತ್ತು.

ವೆಂಕಟೇಶ: ಚಂದ್ರು, ಯಾಕೆ ಟೆನ್ಷನ್ ಮಾಡ್ಕೋತೀಯ? ಶನಿವಾರ ಶಾಲು ಹೊದ್ಕೊ. ಸೋಮವಾರ ಕ್ಲಬ್ಬಿಗೆ ಒಂದು ಮೇಲ್ ಹಾಕು, ಈಗಷ್ಟೇ ಗಮನಕ್ಕೆ ಬಂತು ಅಂತ.

ಚಂದ್ರಮೋಹನ: ಸೋಮವಾರದಿಂದ ದೊಡ್ಡ ಹಿಮ ಅಂತೆ ಕಣೋ. ಕಾಡಿನ ರಸ್ತೆಗೆ ಗೇಟ್ ಹಾಕ್ತಾರೆ. ಆಮೇಲೆ ಯಾರೂ ಹೋಗೋಕಾಗಲ್ಲ.

ವೆಂಕಟೇಶ: ಅದೇ ಒಳ್ಳೇದಲ್ವಾ? ಹೋಗೋಕಾಗಲ್ಲ ಅಂದ್ಮೇಲೆ ನಮ್ಮ ತಪ್ಪೇನಿದೆ? ಅತ್ತಿಗೆ, ನೀವೂ ಯೋಚ್ನೆ ಮಾಡಿ. ಆ ದಾರೀಲಿ ನಮ್ಮ ಜನ ಯಾರು ಹೋಗ್ತಾರೆ?

ಲೀಲಾವತಿ: ಕೆರೆ ಯಾರನ್ನೂ ನೀವು ಯಾವ ಊರೋರು ಅಂತ ಕೇಳಿ ಮುಳುಗಿಸಲ್ಲ, ವೆಂಕಟೇಶ್.

ತಕ್ಷಣ ವೆಂಕಟೇಶನಿಗೆ ಬೆನ್ನುನೋವು ನೆನಪಾಯಿತು. ಡಾಕ್ಟರು ಏಣಿಯ ಹತ್ತಿರವೇ ಹೋಗಬೇಡಿ ಅಂದಿದ್ದಾರಂತೆ. ಬೇಕಾದರೆ ಚಂದ್ರುವಿನ ಪರವಾಗಿ ವೇದಿಕೆಗೆ ಹೋಗಿ ಸನ್ಮಾನ ಸ್ವೀಕರಿಸುತ್ತೇನೆ, ಹೂಸ್ಟನ್ನಿನಿಂದ ಡಲ್ಲಾಸ್ ತನಕ ಕಾರಲ್ಲಿ ಕೂರಬಹುದು, ಅದಕ್ಕೆ ಡಾಕ್ಟರು ಏನೂ ಅಂದಿಲ್ಲ ಎಂದ.

ಚಂದ್ರಮೋಹನ ಕ್ಲಬ್ಬಿನ ಅಧ್ಯಕ್ಷರಿಗೆ ಫೋನ್ ಮಾಡಿದ. ಬೈಯುತ್ತಾರೆ ಎಂದು ಕಾದ. ಆ ಮುದುಕರು ಬೈಯಲಿಲ್ಲ. ಬೋರ್ಡು ಎಂಟು ಒಂಬತ್ತು ಅಡಿ ಮೇಲಿರಬೇಕೆಂದು ಹೇಳಿ, ಕೊಲರಾಡೋದಲ್ಲಿ ಏಣಿ ಸಮೇತ ನಿಂತಿರುವ ಟ್ರಕ್ಕಿನ ಕೀಲಿ ಎಲ್ಲಿ ಸಿಗುತ್ತದೆ ಅನ್ನುವುದನ್ನು ಎರಡು ಸಲ ನಿಧಾನವಾಗಿ ಹೇಳಿದರು. ಅದು ಬೈದದ್ದಕ್ಕಿಂತ ಹೆಚ್ಚು ನಾಟಿತು.

ಚಂದ್ರಮೋಹನ: ಶುಕ್ರವಾರ ಬೆಳಗ್ಗೆ ಹೊರಟ್ರೆ ಶನಿವಾರ ಇಡೀ ದಿನ ಕೆಲಸಕ್ಕೆ ಸಿಗತ್ತೆ. ಶಾಲು ಹೋಯ್ತು ಅಂತಲೇ ಲೆಕ್ಕ.

ಲೀಲಾವತಿ: ಒಬ್ರೇ ಹೋದ್ರೆ ಮತ್ತೆ ಭುಜದ ಎತ್ತರಕ್ಕೇ ಹೊಡ್ಕೊಂಡು ಬರ್ತೀರಿ. ನಾನೂ ಬರ್ತೀನಿ.

ಚಂದ್ರಮೋಹನ: ಸಂಘಕ್ಕೆ ಶಾಲು ಆರಿಸಿ ತಂದಿಟ್ಟಿರೋಳು ನೀನು. ಅವನ್ನ ಯಾರು ತಲುಪಿಸ್ತಾರೆ?

ಲೀಲಾವತಿ: ಗುರುವಾರಾನೇ ಕೊಟ್ಟು ಬರ್ತೀನಿ ಬಿಡಿ.

ಶನಿವಾರ ಸಂಜೆ ಡಲ್ಲಾಸಿನ ಸಭಾಂಗಣದಲ್ಲಿ ನಾಡಗೀತೆ ಮುಗಿಯುವ ಹೊತ್ತಿಗೆ, ಚಂದ್ರಮೋಹನ ಇಪ್ಪತ್ತೆರಡನೆಯ ಮರಕ್ಕೆ ಏಣಿ ಹಾಕಿ ಒಂಬತ್ತು ಅಡಿ ಎತ್ತರದಲ್ಲಿದ್ದ. ಕೊನೆಗೆ ಉಳಿದದ್ದು ಕೆರೆಯದೇ ಬೋರ್ಡು. ಪಾದ ಮುಳುಗುವಷ್ಟು ಹಿಮ ಆಗಲೇ ಬಿದ್ದಿತ್ತು. ಕೆರೆಯ ಕಡೆಯಿಂದ ಬರುತ್ತಿದ್ದ ಗಾಳಿ ಜಾಕೆಟ್ಟನ್ನು ಲೆಕ್ಕಕ್ಕೇ ಇಡಲಿಲ್ಲ. ಮೇಲಿನಿಂದ ನೋಡಿದಾಗ ಅವನಿಗೆ ಮೊದಲ ಸಲ ಕಂಡಿತು: ದಾರಿ ಯಾವುದು, ಕೆರೆ ಯಾವುದು ಎಂದು ಹೇಳುವುದಕ್ಕೆ ಅಲ್ಲಿ ಈ ಹಳದಿ ಹಲಗೆ ಬಿಟ್ಟು ಬೇರೇನೂ ಇರಲಿಲ್ಲ. ಕೆರೆಯೂ ಹೆಪ್ಪುಗಟ್ಟಿ ಎಲ್ಲ ಒಂದೇ ಬಿಳುಪು. ಮೊಳೆಯನ್ನು ಇನ್ನೆರಡು ಏಟು ಹೆಚ್ಚಾಗಿಯೇ ಹೊಡೆದ.

ಚಂದ್ರಮೋಹನ: ಇಷ್ಟು ಹೊತ್ತಿಗೆ ವೆಂಕಟೇಶ ನನ್ನ ಶಾಲು ಹೊದ್ಕೊಂಡು ಬೆಚ್ಚಗೆ ಕೂತಿರ್ತಾನೆ.

ಲೀಲಾವತಿ: ಇಲ್ಲ. ಅವ್ರಿಗೆ ಹಣ್ಣಿನ ಬುಟ್ಟಿ ಮಾತ್ರ. ಗುರುವಾರ ನಾನು ಕೊಟ್ಟಿದ್ದು ನಾಲ್ಕೇ ಶಾಲು.

ಅವನು ಬಗ್ಗಿ ನೋಡಿದ. ಲೀಲಾವತಿ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿದ್ದಳು. ಕೋಟಿನ ಮೇಲೆ, ಕತ್ತಿನಿಂದ ಮೊಳಕಾಲಿನವರೆಗೆ, ಜರಿ ಅಂಚಿನ ಕೆಂಪು ಶಾಲು.

ಚಂದ್ರಮೋಹನ: ಅದು ನನ್ನ ಸನ್ಮಾನದ್ದಲ್ವೇನೇ?

ಲೀಲಾವತಿ: ಹೌದು, ನಿಮ್ಮದೇ. ಏಣಿ ಬಿಟ್ಟು ತೆಗೆದು ಕೊಡ್ಲಾ?

ಏಣಿ ಒಂದು ಕೂದಲೆಳೆಯಷ್ಟು ಅಲುಗಿತು. ಚಂದ್ರಮೋಹನ ಮರವನ್ನು ತಬ್ಬಿಕೊಂಡ.

ಚಂದ್ರಮೋಹನ: ಬೇಡ, ಬೇಡ. ನಿಂಗೇ ಒಪ್ಪತ್ತೆ.