ನಂಜನಗೂಡಿನ ಸೆಕೆಗೊಂದು ಹೀಟರ್

ನಮ್ಮ ಭಾವನಿಗೆ ತಲೆ ಕೆಟ್ಟಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೀವು ನಂಬುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ನಂಜನಗೂಡಿನ ರಸ್ತೆಯ ಟಾರು ಕರಗಿ ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಮನೆ ಮುಂದೆ ನಿಂತ ವ್ಯಾನಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಮೈಮೇಲೆ ಸ್ವೆಟರ್ ಹಾಕಿಕೊಂಡು, ಹೀಟರ್ ಹಚ್ಚಿ ಕೂತ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು!

ಭಾವ ಅಂದರೆ ನನ್ನ ದೊಡ್ಡಕ್ಕನ ಗಂಡ. ಹುಟ್ಟಿದ್ದು ಹೆಮ್ಮರಗಾಲದಲ್ಲಿ, ಇರುವುದು ನಂಜನಗೂಡಿನಲ್ಲಿ, ಆಯುಸ್ಸಿನ ಮುಕ್ಕಾಲು ಭಾಗ ಕಳೆದದ್ದು ಬಸ್ಸಿನ ಡ್ರೈವರ್ ಸೀಟಿನಲ್ಲಿ. ನಿವೃತ್ತರಾದ ಮೇಲೆ ಎಲ್ಲರ ಹಾಗೆ ಬೆಳಗ್ಗೆ ಪೇಪರು, ಸಂಜೆ ವಾಕಿಂಗು ಎಂದುಕೊಂಡು ಇದ್ದಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಆದರೆ ಅವರಿಗೆ ಮನೆಯ ಕುರ್ಚಿಯಲ್ಲಿ ಕೂತರೆ ಕಾಲು ಸುಮ್ಮನಿರುತ್ತಿರಲಿಲ್ಲ. ಟಿವಿ ನೋಡುವಾಗ ಧಾರಾವಾಹಿಯ ಅತ್ತೆ ಬಾಯಿ ತೆರೆದರೆ ಸಾಕು, ಭಾವನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು.

ಕೊನೆಗೊಂದು ದಿನ ಹಳೆಯ ಸ್ಕೂಲ್ ವ್ಯಾನ್ ಒಂದನ್ನು ಮನೆಗೆ ತಂದರು. ಸೀಟುಗಳನ್ನೆಲ್ಲ ಕಿತ್ತು ಎರಡು ಮಂಚ ಕೂರಿಸಿದರು. ಒಂದು ಮೂಲೆಗೆ ಗ್ಯಾಸ್ ಒಲೆ, ಇನ್ನೊಂದು ಮೂಲೆಗೆ ನೀರಿನ ಕ್ಯಾನು. ಹೊರಗಿನ ಹಳದಿ ಬಣ್ಣ ಮಾತ್ರ ಹಾಗೇ ಉಳಿಯಿತು. ಹೀಗಾಗಿ ವ್ಯಾನು ರಸ್ತೆಗಿಳಿದಾಗಲೆಲ್ಲ ಬಿಳಿಗೆರೆ ಕಡೆಯ ತಾಯಂದಿರು ಮಕ್ಕಳ ಕೈಗೆ ಊಟದ ಬ್ಯಾಗು ಕೊಟ್ಟು, ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸುತ್ತಿದ್ದರು. ಇದು ಶಾಲೆಗೆ ಹೋಗುವುದಿಲ್ಲ, ಇದರಲ್ಲಿ ಮಲಗಬಹುದು ಅಷ್ಟೆ ಎಂದು ಭಾವ ವಿವರಿಸಿದರೆ, ಶಾಲೆಯಲ್ಲೂ ಮಾಡುವುದು ಅದನ್ನೇ ಅಲ್ಲವೇ ಎಂದು ಒಬ್ಬ ತಾಯಿ ಕೇಳಿದಳಂತೆ. ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಈ ಮಾತನ್ನು ಭಾವ ನನಗೆ ಮೂರು ಸಲ ಹೇಳಿದರು.

ಇಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು. ವ್ಯಾನಿಗೆ ಒಂದು ಫ್ಯಾನು ಹಾಕಿಸಿ ಎಂದು ಅಕ್ಕ ಹೇಳಿದಳು. ಭಾವ ಹೂಂ ಎಂದರು. ಹದಿನೈದು ದಿನಕ್ಕೆ ಆನ್‌ಲೈನಿನಲ್ಲಿ ಒಂದು ದೊಡ್ಡ ಡಬ್ಬ ಬಂತು. ಬಿಚ್ಚಿ ನೋಡಿದರೆ ಡೀಸೆಲ್ ಹೀಟರ್! ಸಣ್ಣ ಟ್ಯಾಂಕಿನಿಂದ ಒಂದೊಂದೇ ತೊಟ್ಟು ಡೀಸೆಲ್ ಎಳೆದುಕೊಂಡು, ಒಳಗೇ ಉರಿಸಿ, ಹೊಗೆಯನ್ನು ಕೊಳವೆಯಲ್ಲಿ ಗಾಡಿಯ ಅಡಿಗೆ ಬಿಟ್ಟು, ಬಿಸಿಗಾಳಿಯನ್ನು ಮಾತ್ರ ಗಾಡಿಯೊಳಕ್ಕೆ ಊದುವ ಯಂತ್ರ. ಜೊತೆಗೊಂದು ರಿಮೋಟು. ನೂರು ಹೆಜ್ಜೆ ದೂರದಿಂದ ಒತ್ತಿದರೂ ಹೊತ್ತಿಕೊಳ್ಳುತ್ತದಂತೆ. ಹಿಮ ಬೀಳುವ ದೇಶದವರು ಮನೆಯಲ್ಲಿ ಕೂತೇ ಗುಂಡಿ ಒತ್ತಿ, ಗಾಡಿ ಬೆಚ್ಚಗಾದ ಮೇಲೆ ಹೋಗಿ ಹತ್ತುತ್ತಾರಂತೆ. ನಂಜನಗೂಡಿನಲ್ಲಿ ಗಾಡಿ ಬೆಚ್ಚಗಾಗಲು ಗುಂಡಿ ಏಕೆ ಬೇಕು? ಸೂರ್ಯ ಹುಟ್ಟಿದರೆ ಸಾಲದೇ?

ಅಕ್ಕ ಡಬ್ಬವನ್ನೂ ಗಂಡನನ್ನೂ ಒಂದು ಸಲ ನೋಡಿ ಒಳಗೆ ಹೋದಳು. ಯಾಕೆ ಭಾವ ಇದು ಎಂದು ನಾನು ಕೇಳಿದ್ದಕ್ಕೆ ಅವರು, "ಇರ್ಲಿ ಬುಡವ್ವ, ಒಂದ್ ದಿನಕ್ ಬೇಕಾಯ್ತದೆ," ಎಂದು ನನ್ನ ಕೈಗೆ ಅದರ ಕೈಪಿಡಿ ಕೊಟ್ಟರು. ಇಂಗ್ಲಿಷ್ ಟೀಚರಾದ ತಪ್ಪಿಗೆ ಓದಿ ಅರ್ಥ ಹೇಳಬೇಕಾಯಿತು. ಚೀನಾದಲ್ಲಿ ಹುಟ್ಟಿ, ದಾರಿಯಲ್ಲೆಲ್ಲೋ ಇಂಗ್ಲಿಷ್ ಕಲಿತ ಪುಸ್ತಕ ಅದು. 'ಯಂತ್ರವು ಸಾಯುವಾಗ ಅದನ್ನು ಅವಸರಪಡಿಸಬಾರದು, ಅದು ತಣ್ಣಗೆ ಉಸಿರು ಬಿಡಲಿ' ಎಂದಿತ್ತು. ಆರಿಸಿದ ಮೇಲೂ ಯಂತ್ರ ತಣ್ಣಗಾಗುವ ತನಕ ಒಳಗಿನ ಫ್ಯಾನು ತಿರುಗುತ್ತಿರುತ್ತದೆ, ಮಧ್ಯದಲ್ಲಿ ಕರೆಂಟ್ ಕೀಳಬೇಡಿ ಎಂದು ಅದರ ತಾತ್ಪರ್ಯ. ಭಾವ ಎರಡೂ ಕೈ ಕಟ್ಟಿಕೊಂಡು ಭಕ್ತಿಯಿಂದ ಕೇಳಿದರು. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ಹಾಗೆ ಪಾಠ ಕೇಳಿಲ್ಲ.

ಪರಿಚಯದ ಮೆಕ್ಯಾನಿಕ್ಕನ್ನು ಕರೆದು ಕೂರಿಸಿದ್ದಾಯಿತು. ಮೊದಲ ಪರೀಕ್ಷೆಯೇ ನಾನು ಆರಂಭದಲ್ಲಿ ಹೇಳಿದ ಆ ಏಪ್ರಿಲ್ ಮಧ್ಯಾಹ್ನ. ಬರೀ ಹತ್ತು ನಿಮಿಷ ಒಳಗಿದ್ದರು. ಹೊರಗೆ ಬಂದಾಗ ಬೇಯಿಸಿದ ಗೆಣಸಿನ ಹಾಗಿದ್ದರು. ಅಕ್ಕ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಅದನ್ನು ಒಂದೇ ಉಸಿರಿಗೆ ಕುಡಿದು, ಸ್ವೆಟರಿನ ತೋಳಿನಲ್ಲಿ ಬಾಯಿ ಒರೆಸಿಕೊಂಡು, ಇನ್ನೂ ಸ್ವಲ್ಪ ಜಾಸ್ತಿ ಬಿಸಿ ಮಾಡಬಹುದು ಎಂದು ಅಭಿಪ್ರಾಯಪಟ್ಟರು!

ಎರಡನೆಯ ಪರೀಕ್ಷೆ ರಿಮೋಟಿನದು. ಅದು ನೂರು ಹೆಜ್ಜೆಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ? ಭಾವ ಹೆಜ್ಜೆ ಎಣಿಸುತ್ತಾ ಹೋದರು. ಸರಿಯಾಗಿ ತೊಂಬತ್ತೆರಡನೆಯ ಹೆಜ್ಜೆಗೆ ಟೀ ಅಂಗಡಿ ಸಿಕ್ಕಿತು. ಅಲ್ಲೇ ಕೂತು ಟೀಗೆ ಹೇಳಿ ಗುಂಡಿ ಒತ್ತಿದರು. ಇತ್ತ ಖಾಲಿ ನಿಂತಿದ್ದ ವ್ಯಾನಿನ ಹೊಟ್ಟೆಯೊಳಗಿಂದ ಟಕ್ ಟಕ್ ಎಂದು ಶಬ್ದ ಬರತೊಡಗಿತು. ಅದು ಡೀಸೆಲ್ ಪಂಪಿನ ಶಬ್ದ. ಸ್ವಲ್ಪ ಹೊತ್ತಿಗೆ ಗಾಡಿಯ ಅಡಿಯಿಂದ ದಟ್ಟವಾದ ಬಿಳಿಹೊಗೆ ಎದ್ದಿತು. ಮೊದಮೊದಲು ಹೊತ್ತಿಕೊಳ್ಳುವಾಗ ಹೀಗೆ ಹೊಗೆ ಬರುತ್ತದೆಂದು ಕೈಪಿಡಿಯಲ್ಲಿ ಬರೆದಿತ್ತು. ಆದರೆ ಎದುರುಮನೆ ಸಾಕಮ್ಮ ಕೈಪಿಡಿ ಓದಿರಲಿಲ್ಲವಲ್ಲ! ಅವರು ಹಸುವಿಗೆ ಇಡಲು ತಂದಿದ್ದ ಒಂದು ಬಕೆಟ್ ಕಲಗಚ್ಚನ್ನು ಹಿಂದುಮುಂದು ನೋಡದೆ ವ್ಯಾನಿನ ಅಡಿಗೆ ಎರಚಿದರು. ಹೊಗೆ ನಿಲ್ಲಲಿಲ್ಲ. ಎರಡನೆಯ ಬಕೆಟ್ ಬಂತು. ಭಾವ ಟೀ ಲೋಟ ಕೈಯಲ್ಲೇ ಹಿಡಿದು ಓಡಿಬಂದು ರಿಮೋಟಿನಲ್ಲಿ ಆರಿಸಿದರು. ಆರಿಸಿದರೂ ಫ್ಯಾನು ತಿರುಗುತ್ತಲೇ ಇತ್ತು. ಮೂರನೆಯ ಬಕೆಟ್ ಎತ್ತಿದ ಸಾಕಮ್ಮನಿಗೆ ಅಡ್ಡ ನಿಂತು, "ಸಾಯ್ತಾ ಅದೆ ಕಣಮ್ಮ, ಅವಸರ ಮಾಡ್ಬ್ಯಾಡಿ," ಎಂದರು.

ಸಾಕಮ್ಮ ಬಕೆಟ್ ಕೆಳಗಿಟ್ಟು, ಅಲ್ಲಿ ಯಾರು ಸಾಯುತ್ತಿದ್ದಾರೆಂದು ಬಗ್ಗಿ ನೋಡಿದರು.

ಮೂರನೆಯದು ಪರೀಕ್ಷೆಯಲ್ಲ, ಅನಾಹುತ. ತಿ. ನರಸೀಪುರದ ಛತ್ರದಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆ. ಅಕ್ಕ, ಭಾವ ವ್ಯಾನಿನಲ್ಲೇ ಬಂದರು. ಹುಡುಗಿಯ ಸೋದರಮಾವ ದೇವನೂರಿನವರು. ಹಿಂದಿನ ದಿನದಿಂದ ಓಡಾಡಿ ಸುಸ್ತಾಗಿದ್ದರು, ಜೊತೆಗೆ ವಾರದಿಂದ ನೆಗಡಿ. ಊಟವಾದ ಮೇಲೆ ಒಂದು ಗಳಿಗೆ ಒರಗಲು ಜಾಗ ಇದೆಯೇ ಎಂದು ಅಕ್ಕನನ್ನು ಕೇಳಿದರು. ಅಕ್ಕ ವ್ಯಾನಿನ ಬಾಗಿಲು ತೆಗೆದು ಮಲಗಿಸಿ, ಫ್ಯಾನು ಹಾಕಿ ಬಂದಳು. ಹೌದು, ಅಷ್ಟರಲ್ಲಿ ಅಕ್ಕನ ಹಟಕ್ಕೆ ಫ್ಯಾನೂ ಬಂದಿತ್ತು. ಇಷ್ಟೂ ಭಾವನಿಗೆ ಗೊತ್ತಿಲ್ಲ. ಅವರು ಛತ್ರದ ಮೆಟ್ಟಿಲ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಎಲೆ ಅಡಿಕೆ ಹಾಕುತ್ತಾ, ಇಲ್ಲಿ ಒತ್ತಿದರೆ ಅಲ್ಲಿ ಹೊತ್ತಿಕೊಳ್ಳುತ್ತದೆ ಎಂದು ತೋರಿಸುತ್ತಿದ್ದರು. ತೋರಿಸಿದರು. ಎಲ್ಲರೂ ತಲೆದೂಗಿದರು. ಮಾತು ಕಬ್ಬಿನ ಕಡೆಗೆ ಹೊರಳಿತು. ಆರಿಸುವುದು ಮರೆತುಹೋಯಿತು.

ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಾಯಿತು. ಸೋದರಮಾವ ಎಲ್ಲಿ ಎಂದು ಇಡೀ ಛತ್ರ ಹುಡುಕತೊಡಗಿತು. ಅಕ್ಕನಿಗೆ ನೆನಪಾಗುವಷ್ಟರಲ್ಲಿ ವ್ಯಾನಿನ ಬಾಗಿಲು ದಡಾರನೆ ತೆರೆದುಕೊಂಡು ಅವರೇ ಇಳಿದರು. ಅಂಗಿ ಕಂಕುಳಲ್ಲಿ, ಪೇಟ ಕೈಯಲ್ಲಿ, ಹಣೆಯ ಕುಂಕುಮ ಕರಗಿ ಗಲ್ಲದವರೆಗೂ ಹರಿದಿತ್ತು. ಹೆಣ್ಣುಮಕ್ಕಳು ಅದನ್ನು ರಕ್ತವೆಂದು ತಿಳಿದು ಕೂಗಿಕೊಂಡರು. ಭಾವನ ಮುಖದಲ್ಲಿ ಬಣ್ಣವೇ ಇಲ್ಲ. ಸೋದರಮಾವ ಸೀದಾ ಅವರ ಮುಂದೆ ಬಂದು ನಿಂತು, ಎರಡು ಸಲ ಜೋರಾಗಿ ಉಸಿರು ಎಳೆದು ಬಿಟ್ಟರು.

"ಮೂಗು ಬುಟ್ಕತು ಕಣ್ರೀ," ಎಂದರು. "ವಾರದಿಂದ ಕಟ್ಟಿತ್ತು."

ಆಮೇಲೆ ದೇವನೂರಿನಿಂದ ಇಬ್ಬರು ನೆಗಡಿಯವರು ವಿಳಾಸ ಕೇಳಿಕೊಂಡು ನಂಜನಗೂಡಿಗೆ ಬಂದರು ಎಂದರೆ ಅತಿಶಯೋಕ್ತಿ ಎನ್ನುತ್ತೀರಿ. ಬಂದದ್ದು ಒಬ್ಬರೇ. ಇನ್ನೊಬ್ಬರು ಫೋನ್ ಮಾಡಿದ್ದರು.

ಹೀಗೆ ಮಳೆಗಾಲ ಕಳೆಯಿತು. ಹೀಟರ್ ಮುಂದೆ ಅಕ್ಕ ಹಪ್ಪಳ ಒಣಗಿಸಿದಳು, ಸಾಕಮ್ಮ ಮೊಮ್ಮಗನ ಯೂನಿಫಾರಂ ಒಣಗಿಸಿಕೊಂಡರು. ಡಿಸೆಂಬರ್ ಬಂದ ಮೇಲೆ ಒಂದು ದಿನ ಭಾವ ಊಟದ ಮಧ್ಯೆ, ಊಟಿಗೆ ಹೋಗಿಬರೋಣವೇ ಎಂದು ಅಕ್ಕನನ್ನು ಕೇಳಿದರು. ತಟ್ಟೆ ನೋಡಿಕೊಂಡೇ ಕೇಳಿದರು. ಅಕ್ಕ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗಿಟ್ಟು, ಸರಿ ಎಂದಳು. ಆಮೇಲೆ ನನಗೆ ಫೋನ್ ಮಾಡಿ, "ನೀನೂ ಬಾ. ಇವರು ಆ ರಿಮೋಟ್ ಹಿಡ್ಕಂಡು ಕೂತ್ರೆ ನಾನು ಯಾರ ಜೊತೆ ಮಾತಾಡ್ಲಿ?" ಎಂದಳು.

ಬಂಡೀಪುರ ದಾಟಿ, ಘಟ್ಟದ ತಿರುವುಗಳನ್ನು ಏರಿ ಊಟಿ ಸೇರಿದೆವು. ಭಾವನಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಪರಿಚಯಸ್ಥರೊಬ್ಬರ ಅಂಗಳದಲ್ಲಿ ವ್ಯಾನು ನಿಲ್ಲಿಸಿದೆವು. ಚಳಿಯೆಂದರೆ ಚಳಿ! ನನ್ನ ಹಲ್ಲುಗಳು ನನ್ನ ಅಪ್ಪಣೆ ಕೇಳದೆ ಮಾತಾಡುತ್ತಿದ್ದವು. ಆದರೆ ಊಟ ಮುಗಿಸಿ ಬಂದು ವ್ಯಾನಿನ ಬಾಗಿಲು ತೆಗೆದರೆ ಒಳಗೆ ನಂಜನಗೂಡು! ಭಾವ ಮೊದಲೇ ಹೀಟರ್ ಹಚ್ಚಿದ್ದರು. ಗಾಳಿಯಾಡಲು ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟು, ಬಿಸಿ ಮುಂದಕ್ಕೆ ಸೋರಿಹೋಗದಂತೆ ಡ್ರೈವರ್ ಸೀಟಿಗೂ ನಮ್ಮ ಮಂಚಗಳಿಗೂ ನಡುವೆ ದಪ್ಪ ಜಮಖಾನ ಕಟ್ಟಿದರು. ನೀವಿಬ್ಬರೂ ಇಲ್ಲಿ ಮಲಗಿ, ನನಗೆ ಮುಂದಿನ ಸೀಟೇ ಅಭ್ಯಾಸ ಎಂದು ಆ ಕಡೆಗೆ ಹೋದರು.

ಬೆಳಕು ಹರಿಯುವ ಹೊತ್ತಿಗೆ ನನಗೆ ಸೆಕೆಯಿಂದ ಎಚ್ಚರವಾಯಿತು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಸ್ವಲ್ಪ ಗಾಳಿ ಕುಡಿಯೋಣವೆಂದು ಸದ್ದಾಗದಂತೆ ಜಮಖಾನ ಸರಿಸಿ ಮುಂದೆ ಹೋದೆ. ಭಾವ ಮಲಗಿರಲಿಲ್ಲ. ಮಂಕಿ ಟೋಪಿ ಹಾಕಿಕೊಂಡು, ಶಾಲು ಹೊದ್ದು, ರಿಮೋಟು ಹಿಡಿದು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಗಾಜಿನ ಮೇಲೆಲ್ಲ ಇಬ್ಬನಿ. ಅವರ ಬೆರಳುಗಳು ಚಳಿಗೆ ನೀಲಿ ತಿರುಗಿದ್ದವು.

"ಅವಳು ಬೆಚ್ಚಗವಳಾ?" ಎಂದು ಮೆಲ್ಲಗೆ ಕೇಳಿದರು.

ಹೌದು ಎಂದೆ. ನೀವೇಕೆ ಹೀಗೆ ಕೂತಿದ್ದೀರಿ, ಯಂತ್ರ ತಾನಾಗಿ ಉರಿಯುತ್ತದಲ್ಲ ಎಂದೆ. ನಡುವೆ ಆರಿಹೋದರೆ ಮತ್ತೆ ಹಚ್ಚುವವರು ಬೇಕಲ್ಲ ಎಂದರು. ಆಮೇಲೆ ಗಾಜಿನ ಕಡೆ ನೋಡುತ್ತಾ ಹೇಳಿದರು. ಮದುವೆಯಾದ ಹೊಸದರಲ್ಲಿ ಅವರನ್ನು ಇದೇ ರೂಟಿನ ಬಸ್ಸಿಗೆ ಹಾಕಿದ್ದರಂತೆ. ಊಟಿ ತೋರಿಸುತ್ತೇನೆಂದು ಅಕ್ಕನನ್ನು ತಮ್ಮದೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದರಂತೆ. ಅವಳು ಕೂತ ಕಡೆ ಕಿಟಕಿಯ ಗಾಜು ಒಡೆದಿತ್ತು, ಹೊದೆಯಲು ಶಾಲೂ ಇರಲಿಲ್ಲ, ಬಸ್ಸು ತುಂಬಾ ಜನ. ಘಟ್ಟ ಹತ್ತುವಷ್ಟು ಹೊತ್ತೂ ಕನ್ನಡಿಯಲ್ಲಿ ಅವಳು ನಡುಗುವುದು ಕಾಣುತ್ತಿತ್ತಂತೆ. ಊರಿಗೆ ಹಿಂತಿರುಗಿ ತಿಂಗಳುಗಟ್ಟಲೆ ಆಸ್ಪತ್ರೆ ಅಲೆದಳು. ಬಸ್ಸು ಹತ್ತಿದಾಗ ಅವಳಿಗೆ ಮೂರು ತಿಂಗಳು. ಮಗು ಉಳಿಯಲಿಲ್ಲ. ಡಾಕ್ಟರು ಚಳಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಹೇಳಿದರಂತೆ. ಅಕ್ಕ ಒಂದು ದಿನವೂ ಆ ಮಾತು ಎತ್ತಲಿಲ್ಲವಂತೆ.

ನಾನಾಗ ಸಣ್ಣವಳು. ಅಕ್ಕನಿಗೆ ಜ್ವರ ಎಂದಷ್ಟೇ ಮನೆಯಲ್ಲಿ ಹೇಳಿದ್ದರು.

"ಸ್ಟೇರಿಂಗ್ ಬುಟ್ಟು ಎದ್ದೋಗಾಕಾಯ್ತಿತ್ತಾ ಹೇಳವ್ವ," ಎಂದರು ಭಾವ. "ಐವತ್ತ್ ಜನ ಕೂತಿದ್ರು."

ನಾನು ಜಮಖಾನ ಸರಿಸಿ ಒಳಗೆ ಬಂದೆ. ಅಕ್ಕನ ಕಣ್ಣು ತೆರೆದೇ ಇತ್ತು. ಸ್ವೆಟರು, ಶಾಲು, ಕಂಬಳಿ ಎಲ್ಲ ಕಾಲ ಬುಡದಲ್ಲಿ ಬಿದ್ದಿದ್ದವು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಸೆರಗಿನಿಂದ ಸದ್ದಾಗದ ಹಾಗೆ ಗಾಳಿ ಬೀಸಿಕೊಳ್ಳುತ್ತಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವೆಂದು ಮುಖವೇ ಹೇಳುತ್ತಿತ್ತು. ಭಾವನಿಗೆ ಹೇಳಿ ಕಮ್ಮಿ ಮಾಡಿಸಲೇ ಎಂದು ಎದ್ದೆ.

ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು.

"ಬ್ಯಾಡ ಕಣೆ," ಎಂದಳು. "ಇನ್ನೊಂದ್ ಗಳಿಗೆ ಉರೀಲಿ ಬುಡು."