ಅಬ್ದಿಯೇಲ್ ಕೊಂಡ ಹೊಲಿಗೆ ಮೆಷಿನ್

ಶನಿವಾರ ಬೆಳಿಗ್ಗೆ ಅಬ್ದಿಯೇಲ್ ಸೆದೆನ್ಯೋ ಕೆಮ್ಮುತ್ತಾ ಎದ್ದು ಕೂತ. ಬಾಯಿ ತುಂಬ ಹತ್ತಿ. ದಿಂಬಿನ ಗವಸು ಹರಿದು, ಒಳಗಿದ್ದದ್ದೆಲ್ಲ ಅವನ ಮೀಸೆ, ಮೂಗು, ಕಿವಿಗಳಲ್ಲಿ ಸಂಸಾರ ಹೂಡಿತ್ತು. ಕನ್ನಡಿ ನೋಡಿಕೊಂಡರೆ ಅರ್ಧ ಪುಕ್ಕ ಕಿತ್ತ ಟರ್ಕಿ ಕೋಳಿ ಎದುರಿಗೆ ನಿಂತಂತಿತ್ತು.

‘ಮಿತ್ಸೀಲಾ, ಈ ದಿಂಬಿಗೊಂದು ಗವಸು ಹೊಲಿದುಕೊಡೇ,’ ಎಂದ ಹೆಂಡತಿಗೆ.

ಮಿತ್ಸೀಲಾ ಆಗಲೇ ಹೊರಡುವ ಗಡಿಬಿಡಿಯಲ್ಲಿದ್ದಳು. ‘ನಂಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ದರ್ಜಿಗೆ ಕೊಡು ಹೋಗು.’

‘ಯಾವ ದರ್ಜಿ ತಗೋತಾನೆ ಈಗ?’

‘ಹಂಗಾದ್ರೆ ನೀನೇ ಹೊಲ್ಕೋ. ಸಕ್ಕರೆ ಕಾರ್ಖಾನೆ ಕೆಲ್ಸ ಮುಗಿಸಿ ಮನೇಲಿ ಕೂತಾಗಿಂದ ನನ್ನ ಹಿಂದಿಂದೆ ಬೆಕ್ಕಿನ ಮರಿ ಥರ ಸುತ್ತೋದು ಬಿಟ್ರೆ ಇನ್ನೇನ್ ಮಾಡ್ತಿದೀಯ?’

ಅವಳು ಚುಚ್ಚಿ ಹೇಳಿದ್ದು. ಅವನಿಗೆ ಮಾತ್ರ ಅದು ವರದಂತೆ ಕೇಳಿಸಿತು. ಎಷ್ಟೋ ದಿನದಿಂದ ಫೋನಿನಲ್ಲಿ ಬೋಳುತಲೆಯ ಒಬ್ಬ ಮನುಷ್ಯ ತುಂಡುಬಟ್ಟೆ ಜೋಡಿಸಿ ಚೀಲ ಹೊಲಿಯುವುದನ್ನು ಅವನು ಕದ್ದು ನೋಡುತ್ತಿದ್ದ. ಆ ಮನುಷ್ಯನ ಮುಖದಲ್ಲಿ ಎಂಥ ನೆಮ್ಮದಿ! ಮೊದಲು ದಿಂಬಿನ ಗವಸು, ಆಮೇಲೆ ಅಡುಗೆಮನೆಗೆ ಏಪ್ರನ್, ಆಮೇಲೆ ಮಿತ್ಸೀಲಾಗೊಂದು ಹೂವಿನ ಫ್ರಾಕು. ಕಾರ್ಖಾನೆಯ ಗೇಟಿನಲ್ಲಿ ಜೀವಮಾನವೆಲ್ಲ ಬೇರೆಯವರ ಕಬ್ಬು ತೂಗಿದವನಿಗೆ, ‘ಇದು ನಾನು ಮಾಡಿದ್ದು’ ಎಂದು ತೋರಿಸಲು ಒಂದಾದರೂ ವಸ್ತು ಬೇಕಿತ್ತು. ಹೊಲಿಗೆ ಮೆಷಿನ್ ಕೊಳ್ಳುವುದೆಂದು ತೀರ್ಮಾನಿಸಿ ಹುಲ್ಲಿನ ಟೋಪಿ ಹಾಕಿಕೊಂಡು ಹೊರಟ.

ಪಾಪ, ಅಂಥ ಕಾಲದಲ್ಲಿ ಮೆಷಿನ್ ಕೊಂಡರೆ ಏನಾದೀತೆಂದು ಅವನು ಯೋಚಿಸಲಿಲ್ಲ.

ಲಾ ಪಾಲ್ಮೀತಾ ಊರಿಗಿರುವುದೇ ಎರಡು ಬೀದಿ: ಮೇಲ್ಬೀದಿ, ಕೆಳಬೀದಿ. ವರ್ಷವೆಲ್ಲ ಒಬ್ಬರ ಮನೆಯ ಸಾರನ್ನು ಇನ್ನೊಬ್ಬರು ಉಂಡು ಬದುಕುವ ಜನ, ಕಾರ್ನಿವಾಲ್ ಹತ್ತಿರ ಬಂತೆಂದರೆ ಹಾವು-ಮುಂಗುಸಿ. ಬೀದಿಗೊಬ್ಬ ರಾಣಿ, ಬೀದಿಗೊಂದು ಮೆರವಣಿಗೆ ಗಾಡಿ. ನಮ್ಮ ರಾಣಿ ಈ ಸಲ ಯಾವ ವೇಷದಲ್ಲಿ ಬರುತ್ತಾಳೆ ಎಂಬುದು ಪಾದ್ರಿಗೂ ಹೇಳದ ಗುಟ್ಟು. ಊರಿನ ದರ್ಜಿಗಳೆಲ್ಲ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಚಮಕಿ ಹೊಲಿಯುತ್ತಿರುತ್ತಾರೆ. ಆ ದಿನಗಳಲ್ಲಿ ಯಾರದಾದರೂ ಪ್ಯಾಂಟಿನ ಗುಂಡಿ ಕಿತ್ತುಹೋದರೆ, ಹಬ್ಬ ಮುಗಿಯುವವರೆಗೆ ಸೊಂಟ ಹಿಡಿದುಕೊಂಡೇ ಓಡಾಡಬೇಕು.

ಅಬ್ದಿಯೇಲ್ ಹುಟ್ಟಿದ್ದು ಮೇಲ್ಬೀದಿಯಲ್ಲಿ. ಮದುವೆಯಾದದ್ದು ಕೆಳಬೀದಿಯವಳನ್ನು. ಮನೆ ಇರುವುದು ಎರಡೂ ಕೂಡುವ ಮೂಲೆಯಲ್ಲಿ. ಅವನು ಯಾವ ಪಕ್ಷಕ್ಕೂ ಸೇರದೆ, ಕಾರ್ನಿವಾಲ್ ಬಂದಾಗ ಗಾಳ ಹಿಡಿದು ಸಮುದ್ರದ ಕಡೆ ಹೋಗಿಬಿಡುತ್ತಿದ್ದ.

ಚೌಕದಲ್ಲಿ ಚೀನೀ ಲಾವ್‌ನ ಅಂಗಡಿ. ಬೀಗದಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲ ಸಿಗುವ ಜಾಗ. ಲಾವ್ ಎರಡು ಮೆಷಿನ್ ತಂದು ಮೇಜಿನ ಮೇಲಿಟ್ಟ. ಒಂದು ಕಬ್ಬಿಣದ್ದು, ಹಸಿರು ಬಣ್ಣ, ಎತ್ತಲು ಇಬ್ಬರು ಬೇಕು. ಇನ್ನೊಂದು ಪ್ಲಾಸ್ಟಿಕ್ಕಿನದು, ಬೆಳ್ಳಗೆ ಹಲ್ಲಿನಂತೆ ಹೊಳೆಯುತ್ತಿತ್ತು. ಮೈತುಂಬ ಗುಂಡಿಗಳು, ಫೋನಿನಲ್ಲಿರುವಂಥ ಪುಟ್ಟ ಪರದೆ.

‘ಇದು ಬರೀ ನೇರ ಹೊಲಿಗೆ ಹಾಕುತ್ತೆ. ಅದು ಇನ್ನೂರು ಥರ ಹಾಕುತ್ತೆ. ಬಾತುಕೋಳಿ ಚಿತ್ರಾನೂ ಹೊಲಿಯುತ್ತೆ,’ ಎಂದ ಲಾವ್.

‘ನಂಗೆ ಬಾತುಕೋಳಿ ಬೇಕಾ?’ ಎಂದು ಅಬ್ದಿಯೇಲ್ ತನ್ನನ್ನೇ ಕೇಳಿಕೊಂಡ.

ಅಷ್ಟರಲ್ಲಿ ದಾರದುಂಡೆ ಕೊಳ್ಳಲು, ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಉಬಲ್ದೀನಾ ಬಂದಳು. ಅಬ್ದಿಯೇಲನ ಪಕ್ಕದ ಮನೆಯವಳು, ಮೇಲ್ಬೀದಿಯ ರಾಣಿಯ ಉಡುಪಿಗೆಲ್ಲ ಅವಳೇ ಮೇಸ್ತ್ರಿ. ಬಾಗಿಲಿಗಿಂತ ಒಂದು ಗೇಣು ಅಗಲವಾಗಿದ್ದಳು.

‘ಅಯ್ಯೋ ಮಗಾ, ಮೆಷಿನ್ ಕೊಳ್ತಿದೀಯಾ? ನನ್ನ ಕೇಳ್ಬಾರ್ದಾ? ಕಣ್ಮುಚ್ಕೊಂಡು ಈ ಕಬ್ಬಿಣದ್ದು ತಗೋ. ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ಆ ಪ್ಲಾಸ್ಟಿಕ್ ಗೊಂಬೆ ಮೂರು ಮೊಳ ಹೊಲಿಯೋದ್ರೊಳಗೆ ದಾರಾನೆಲ್ಲ ಸೇವಿಗೆ ಮಾಡಿ ನುಂಗುತ್ತೆ.’

‘ಸರಿ, ಇದೇ ಕೊಡಪ್ಪಾ,’ ಎಂದ ಅಬ್ದಿಯೇಲ್, ಕೆಲಸ ಇಷ್ಟು ಸುಲಭವಾಯಿತಲ್ಲ ಎಂದು ಖುಷಿಯಾಗಿ.

‘ಹೊಲಿಯೋರು ಯಾರು?’

‘ನಾನೇ.’

ದೋನ್ಯಾ ಉಬಲ್ದೀನಾ ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಸೂಜಿಗೆ ದಾರ ಪೋಣಿಸಲು ಬಾರದ ಗಂಡಸು, ಅದೂ ಕಾರ್ನಿವಾಲ್ ಹೊಸ್ತಿಲಲ್ಲಿ, ಹೊಲಿಗೆ ಮೆಷಿನ್ ಕೊಳ್ಳುತ್ತಾನೆಯೇ? ಅವನ ಹೆಂಡತಿ ಕೆಳಬೀದಿಯವಳು. ಅಂದರೆ ಈ ಮೆಷಿನ್ ಹೋಗುವುದು ಶತ್ರುಗಳ ರಾಣಿಯ ಲಂಗ ಹೊಲಿಯಲು!

‘ಅಲ್ಲ ಮಗಾ,’ ಎಂದಳು, ದನಿಗೆ ಬೆಲ್ಲ ಸವರಿಕೊಂಡು, ‘ಯೋಚ್ನೆ ಮಾಡಿದ್ರೆ ಆ ಪ್ಲಾಸ್ಟಿಕ್‌ದೇ ವಾಸಿ. ಈಗಿನ ಕಾಲ, ಕಂಪ್ಯೂಟರ್ ಇರ್ಬೇಕು.’

‘ದಾರ ನುಂಗುತ್ತೆ ಅಂದ್ರಿ?’

‘ನುಂಗ್ಲಿ ಬಿಡು, ಎಷ್ಟು ನುಂಗುತ್ತೆ ಪಾಪ! ಕಬ್ಬಿಣದ್ದು ನಿನ್ನ ಕಾಲ ಮೇಲೆ ಬಿದ್ರೆ?’

ಅಬ್ದಿಯೇಲ್ ಅವಳ ಮುಖ ನೋಡಿದ, ಮೆಷಿನ್ ನೋಡಿದ, ತನ್ನ ಕಾಲು ನೋಡಿಕೊಂಡ. ಲಾವ್ ಮಾತ್ರ ಬಗ್ಗಿ ಮೇಜು ಒರೆಸತೊಡಗಿದ. ಎರಡೂ ಬೀದಿಗೆ ಚಮಕಿ ಮಾರುವವನು ಅಭಿಪ್ರಾಯ ಇಟ್ಟುಕೊಂಡರೆ ಬದುಕುವುದುಂಟೆ?

ಉಬಲ್ದೀನಾ ಅತ್ತ ಹೋಗಿದ್ದೇ ತಡ, ಇತ್ತ ಹಲ್ಲಿನ ಡಾಕ್ಟರ್ ಫುಲ್ವಿಯೋ ಒಳಗೆ ಬಂದ. ಕೆಳಬೀದಿಯ ಕಾರ್ನಿವಾಲ್ ಮುಖಂಡ. ಎದುರು ಸಿಕ್ಕವರ ಕಣ್ಣು ನೋಡದೆ ಬಾಯಿ ನೋಡಿ ಮಾತಾಡುವ ಅಭ್ಯಾಸ ಅವನದು. ಮಿತ್ಸೀಲಾಳ ಗಂಡ ಮೆಷಿನ್ ಮುಂದೆ ನಿಂತಿರುವುದು ಕಂಡು ಅವನ ಎದೆ ಉಬ್ಬಿತು.

‘ಭೇಷ್ ಅಳಿಯಂದ್ರೇ! ಕೊನೆಗೂ ನಮ್ಮ ಕಡೆ ಬಂದ್ರಲ್ಲ! ಕಬ್ಬಿಣದ್ದೇ ತಗೊಳ್ಳಿ. ಮಂದ ಬಟ್ಟೆ, ತೆಳು ಬಟ್ಟೆ, ಏನ್ ಕೊಟ್ರೂ ಹೂಂ ಅನ್ನುತ್ತೆ.’

‘ದೋನ್ಯಾ ಉಬಲ್ದೀನಾನೂ ಮೊದ್ಲು ಅದನ್ನೇ ಹೇಳಿದ್ರು ಡಾಕ್ಟ್ರೇ,’ ಎಂದ ಅಬ್ದಿಯೇಲ್, ಒಳ್ಳೆಯ ಮನಸ್ಸಿನಿಂದ.

ಫುಲ್ವಿಯೋನ ಎದೆ ಟುಸ್ಸೆಂದು ಇಳಿಯಿತು. ಉಬಲ್ದೀನಾ ಇವನಿಗೆ ಮೆಷಿನ್ ಆರಿಸಿಕೊಡುತ್ತಿದ್ದಾಳೆ! ಎಷ್ಟೆಂದರೂ ಮೇಲ್ಬೀದಿಯಲ್ಲಿ ಹುಟ್ಟಿದವನು, ರಕ್ತ ಎಲ್ಲಿ ಹೋಗುತ್ತದೆ?

‘ಓಹೋ... ಹಾಗಾ? ಹಾಗಾದ್ರೆ ಬೇಡ. ಪ್ಲಾಸ್ಟಿಕ್‌ದು ತಗೊಳ್ಳಿ. ಬಾತುಕೋಳಿ ತುಂಬ ಚೆನ್ನಾಗಿ ಬರುತ್ತೆ,’ ಎಂದು ಹೇಳಿ ಬಿರಬಿರನೆ ಹೊರಟುಹೋದ.

ಅಬ್ದಿಯೇಲನಿಗೆ ತಲೆ ಗಿರ್ರೆಂದಿತು. ಇಬ್ಬರೂ ಮೊದಲು ಕಬ್ಬಿಣ ಅಂದರು, ಇಬ್ಬರೂ ಆಮೇಲೆ ಪ್ಲಾಸ್ಟಿಕ್ ಅಂದರು. ಜೀವಮಾನದಲ್ಲಿ ಒಂದು ಮಾತಿಗೂ ಒಪ್ಪದ ಇಬ್ಬರು ಎರಡು ಮಾತಿಗೆ ಒಪ್ಪಿದ್ದಾರೆ, ಆದರೂ ಯಾವುದು ಒಳ್ಳೆಯದೆಂದು ಗೊತ್ತಾಗುತ್ತಿಲ್ಲ. ಹೊಲಿಗೆ ವಿದ್ಯೆ ಇಷ್ಟು ಗಹನವೆಂದು ಫೋನಿನ ಬೋಳುತಲೆಯವನು ಹೇಳಿರಲೇ ಇಲ್ಲ.

‘ಲಾವ್, ಯಾರೂ ಏನೂ ಹೇಳದಿರೋ ಮೆಷಿನ್ ಒಂದಿದ್ರೆ ತೋರ್ಸಪ್ಪಾ,’ ಎಂದ, ಅಳುವ ದನಿಯಲ್ಲಿ.

ಲಾವ್ ಹಿಂದಿನ ಕಪಾಟಿನಿಂದ ಧೂಳು ಹಿಡಿದ ಮೂರನೆಯದೊಂದನ್ನು ತೆಗೆದ. ಸಣ್ಣದು, ಒಂದೇ ಕೈಯಲ್ಲಿ ಎತ್ತಬಹುದು. ನೇರ ಹೊಲಿಗೆ, ಅಂಕುಡೊಂಕು ಹೊಲಿಗೆ, ಗುಂಡಿಗೆ ಕಾಜಾ ಹಾಕುವುದು, ಅಷ್ಟೇ ಬರುತ್ತಿತ್ತು. ಅಬ್ದಿಯೇಲ್ ಭಯದಿಂದ ಪೆಡಲ್ ಮೇಲೆ ಕಾಲಿಟ್ಟ. ಸೂಜಿ ಟಕಟಕನೆ ಓಡಿತು. ಚಿಂದಿಬಟ್ಟೆಯ ಮೇಲೆ ಹೊಲಿಗೆ ಸಾಲು ಇರುವೆಗಳಂತೆ ಒಂದರ ಹಿಂದೊಂದು ಬಂತು. ಅದು ಸ್ವಲ್ಪ ಸೊಟ್ಟಗಿತ್ತು, ಆದರೆ ಅವನದೇ ಆಗಿತ್ತು. ಆ ಚಿಂದಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಡಬ್ಬವನ್ನು ಕೂಸಿನಂತೆ ಎದೆಗೊತ್ತಿಕೊಂಡು ಹೊರಬಂದ.

ಹೊರಗೆ ಚೌಕ ತುಂಬಿಹೋಗಿತ್ತು. ಎಡಗಡೆ ಉಬಲ್ದೀನಾ ಮತ್ತು ಮೇಲ್ಬೀದಿ. ಬಲಗಡೆ ಫುಲ್ವಿಯೋ ಮತ್ತು ಕೆಳಬೀದಿ. ಕರಿದ ರೊಟ್ಟಿ ಮಾರುವ ಹೆಂಗಸು ಒಲೆ ಆರಿಸಿ ಬಂದು ನಿಂತಿದ್ದಳು.

‘ಯಾರಿಗೆ ಹೊಲಿಯೋಕೆ ಅದು? ಬಾಯಿ ಬಿಡು!’ ಎಂದು ಉಬಲ್ದೀನಾ ಡಬ್ಬದ ಒಂದು ತುದಿ ಹಿಡಿದಳು.

‘ನಾನೂ ಅದನ್ನೇ ಕೇಳ್ತಿರೋದು! ದೊಡ್ಡದಾಗಿ ಬಾಯಿ ಬಿಡಿ!’ ಎಂದು ಫುಲ್ವಿಯೋ ಇನ್ನೊಂದು ತುದಿ ಹಿಡಿದ.

‘ಯಾರಿಗೂ ಅಲ್ರಪ್ಪಾ! ನಂಗೇ!’

‘ನಿಂಗೆ ಲಂಗ ಬೇಕಾ?’ ಎಂದು ಯಾರೋ ಕೂಗಿದರು. ಚೌಕವೆಲ್ಲ ಘೊಳ್ಳೆಂದಿತು.

ಇಬ್ಬರೂ ಜಗ್ಗತೊಡಗಿದರು. ನಡುವೆ ಅಬ್ದಿಯೇಲ್ ಒಗೆದ ಬಟ್ಟೆ ಹಿಂಡಿದಂತೆ ಅತ್ತಿತ್ತ ತಿರುಚಿಕೊಂಡ. ಕೊನೆಗೆ ತಡೆಯಲಾರದೆ ಕಿರುಚಿದ:

‘ದಿಂಬು! ದಿಂಬಿನ ಗವಸು ಹೊಲಿಯೋಕೆ! ಬೆಳ್ಳಗೆ, ಉಬ್ಬಿಕೊಂಡಿರುತ್ತಲ್ಲ, ಒಳಗೆ ಹತ್ತಿ, ಅದು!’

ಉಬಲ್ದೀನಾ ಹಿಡಿತ ಬಿಟ್ಟಳು. ಕಣ್ಣು ಕಿರಿದಾಯಿತು. ‘ದಿಂಬು... ಬೆಳ್ಳಗೆ... ಉಬ್ಬಿಕೊಂಡು... ಹತ್ತಿ ತುಂಬಿದ್ದು...’ ಎಂದು ಗೊಣಗಿಕೊಂಡು, ತಟ್ಟನೆ ತಲೆಯೆತ್ತಿ ಆಕಾಶ ನೋಡಿದಳು. ‘ಮೋಡ! ಕೆಳಬೀದಿಯ ರಾಣಿ ಈ ಸಲ ಮೋಡದ ಮೇಲೆ ಕೂತು ಬರ್ತಾಳೆ!’

‘ಅಯ್ಯೋ ಅಲ್ಲ, ನಾನು ಹೇಳಿದ್ದು ತಲೆ ಕೆಳಗೆ ಇಡೋ ದಿಂಬು—’

ಅವನ ಮಾತು ಕೇಳುವವರಾರು? ಎಲ್ಲರೂ ಫುಲ್ವಿಯೋನನ್ನು ನೋಡುತ್ತಿದ್ದರು. ಅವನ ಮುಖ ಸುಣ್ಣ ಬಳಿದಂತಾಗಿತ್ತು, ಮೇಲಿನ ದವಡೆ ಕೆಳಗಿನ ದವಡೆಗೆ ಸಿಗುತ್ತಿರಲಿಲ್ಲ. ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಮೇಲ್ಬೀದಿಯವರು ಅಲ್ಲೇ ಡೋಲು ತರಿಸಿ ಹಾಡು ಕಟ್ಟಿದರು:

‘ಮೋಡ ಬಂತು ಮೋಡ, ಕೆಳಬೀದೀ ಮೋಡ,
ಹತ್ತಿ ತುಂಬಿದ ಮೋಡ, ಮಳೆ ಮಾತ್ರ ಕೇಳ್ಬೇಡ!’

‘ನೀರಿನ ಟ್ಯಾಂಕರ್ ತರಿಸ್ತೀವಿ, ನಿಮ್ಮ ಮೋಡಾನೆಲ್ಲ ನೆನೆಸಿ ಹಿಂಡ್ತೀವಿ!’ ಎಂದು ಕುಣಿದರು. ಕೆಳಬೀದಿಯವರು ಅಬ್ದಿಯೇಲನ ಕಡೆ ನೋಡಿದ ನೋಟಕ್ಕೆ ಹಸಿ ಕಬ್ಬೂ ಹೊತ್ತಿಕೊಳ್ಳುತ್ತಿತ್ತು. ಅವನು ಡಬ್ಬ ಹೊತ್ತು ಅಡ್ಡದಾರಿ ಹಿಡಿದು ಮನೆಗೆ ಓಡಿದ. ತಾನು ಮಾಡಿದ ತಪ್ಪೇನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಹೆಂಡತಿಯಾದರೂ ಬಿಡಿಸಿ ಹೇಳಿಯಾಳು ಎಂದುಕೊಂಡ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ನಡುಮನೆಯ ತುಂಬ, ಸೂರಿನವರೆಗೆ, ಬೆಳ್ಳನೆಯ ಮೋಡಗಳು. ಸಣ್ಣ ಮೋಡ, ದೊಡ್ಡ ಮೋಡ, ಅಂಚಿಗೆ ಬೆಳ್ಳಿ ಚಮಕಿ ಹೊಲಿದ ಮೋಡ. ಅವುಗಳ ಮಧ್ಯೆ ಕೆಳಬೀದಿಯ ಹೆಂಗಸರು ಸಾವಿನ ಮನೆಯವರಂತೆ ಕೂತಿದ್ದರು.

‘ಮಿತ್ಸೀಲಾ... ಇದೇನಿದು?’

‘ನಮ್ಮಕ್ಕನ ಮನೇಲಿ ಕೂತು ಹಗಲೆಲ್ಲಾ ಕಣ್ಣು ಕಳ್ಕೊಂಡು ಹೊಲಿದಿದ್ದು! ಅಲ್ಲಿ ಜಾಗ ಸಾಲ್ದೆ, ನೀನು ಹೊರಗೆ ಹೋದ್ಮೇಲೆ ಹಿತ್ತಲಿಂದ ಇಲ್ಲಿಗೆ ತಂದಿದ್ದು! ಕಟ್ಕೊಂಡ ಗಂಡನಿಗೂ ಹೇಳಿರ್ಲಿಲ್ಲ! ನಿಂಗೆ ಯಾರು ಹೇಳಿದ್ರೋ ಮಾರಾಯ?’

‘ಯಾರೂ ಹೇಳ್ಲಿಲ್ಲ ಕಣೇ! ನಾನು ದಿಂಬು ಅಂದೆ, ಅಷ್ಟೇ!’

‘ಅಷ್ಟೇ ಅಂತೆ! ಊರಿನ ಚೌಕದಲ್ಲಿ ನಿಂತು ಕಿರುಚಿದಾರೆ, ಅಷ್ಟೇ ಅಂತೆ!’ ಅವಳು ಡಬ್ಬ ಕಿತ್ತುಕೊಂಡು ಬಿಚ್ಚಿದಳು. ಮೆಷಿನನ್ನು ಎತ್ತಿ ನೋಡಿದಳು, ಚಕ್ರ ತಿರುಗಿಸಿದಳು, ಸೂಜಿ ಮುಟ್ಟಿದಳು. ಮುಖ ಒಂದಿಷ್ಟು ಸಡಿಲಾಯಿತು. ‘ಯಾರು ಆರಿಸಿದ್ದು ಇದನ್ನ?’

‘ನಾನೇ,’ ಎಂದ ಅಬ್ದಿಯೇಲ್. ಬೆಳಗಿನಿಂದ ಮೊದಲ ಸಲ ಬೆನ್ನು ನೇರ ಮಾಡಿದ.

‘ಪರವಾಗಿಲ್ಲ. ಹುಟ್ಟಿದಾಗಿಂದ ಒಂದಾದ್ರೂ ನೆಟ್ಟಗಿರೋದು ಆರಿಸಿದೀಯ,’ ಎಂದವಳೇ ಮೆಷಿನನ್ನು ಕಂಕುಳಿಗೆ ಏರಿಸಿದಳು. ‘ನಡೀರಮ್ಮಾ, ಅಕ್ಕನ ಮನೆಗೆ. ಮೋಡ ಹೋಯ್ತು, ಈಗ ಇದೇ ಬಟ್ಟೇಲಿ ಸಮುದ್ರದ ಅಲೆ ಮಾಡ್ಬೇಕು. ಇನ್ನೊಂದು ಮೆಷಿನ್ ಸಿಕ್ಕಿದ್ದು ದೇವ್ರು ಕಳಿಸ್ದಂಗಾಯ್ತು.’

‘ಅದು ನಂದು ಕಣೇ... ನಾನಿನ್ನೂ...’

‘ನಿಂಗೆ ಹೊಲಿಗೆ ಕೆಲ್ಸ ತಾನೇ ಬೇಕು? ಕೂತ್ಕೋ.’ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯೊಂದನ್ನು ಅವನ ಕೈಗಿಟ್ಟು, ಅತಿ ದೊಡ್ಡ ಮೋಡವನ್ನು ತೊಡೆಯ ಮೇಲೆ ಹಾಕಿದಳು. ‘ಒಂದೊಂದೂ ಬಿಚ್ಚು. ಬಟ್ಟೆ ಹರಿಯಕೂಡದು, ಚಮಕಿ ಉದುರಕೂಡದು.’

ಅಬ್ದಿಯೇಲ್ ಕೂತ. ಹೆಂಗಸರೆಲ್ಲ ಅಕ್ಕನ ಮನೆಯ ಕಡೆ ಹೊರಟರು. ಹೆಂಡತಿಯ ಹೊಲಿಗೆ ಗಟ್ಟಿಯಾಗಿತ್ತು, ಒಂದು ಕುಣಿಕೆ ಬಿಚ್ಚಿದರೆ ಇನ್ನೊಂದು ಹಲ್ಲು ಕಚ್ಚಿ ಹಿಡಿಯುತ್ತಿತ್ತು. ನಾಲ್ಕು ಕುಣಿಕೆ ಬಿಚ್ಚುವಷ್ಟರಲ್ಲಿ ಕಿಟಕಿ ಕತ್ತಲಾಯಿತು. ನೋಡಿದರೆ ದೋನ್ಯಾ ಉಬಲ್ದೀನಾ, ಕೈಯಲ್ಲಿ ಒಂದು ಲೋಟ ತಣ್ಣನೆಯ ಜೋಳದ ಪಾನಕ, ಮುಖದ ತುಂಬ ಅಕ್ಕರೆ.

‘ಪಾಪ ಮಗಾ, ಒಬ್ನೇ ಕೂತಿದೀಯಾ? ಕುಡಿ. ಅಂದಹಾಗೆ, ಮೋಡ ಬಿಚ್ಚಿ ಏನು ಮಾಡ್ತಾರಂತೆ?’

ಅಬ್ದಿಯೇಲ್ ಉತ್ತರ ಕೊಡಲು ಬಾಯಿ ತೆರೆದ.

ಬೀದಿಯ ತಿರುವಿನಿಂದ, ಕಂಕುಳಲ್ಲಿ ಮೆಷಿನ್ ಹೊತ್ತ ಮಿತ್ಸೀಲಾಳ ಕೂಗು ಎರಡೂ ಬೀದಿಗೆ ಕೇಳಿಸುವಂತೆ ಬಂತು:

‘ಬಾಯಿ ಹೊಲ್ಕೊಂಡು ಹೊಲಿಗೆ ಬಿಚ್ಚೋ!’