ಕಮಾನು ಸೇವೆ

ನಿಮ್ಮ ಉದ್ಯೋಗವೇನು ಎಂದು ಯಾರಾದರೂ ಕೇಳಿದರೆ ನನಗೆ ಉತ್ತರಕ್ಕಿಂತ ಮೊದಲು ಆಕಳಿಕೆ ಬರುತ್ತದೆ. ಕೇಳಿದವರ ಮೇಲಿನ ಅಗೌರವದಿಂದಲ್ಲ. ಮುಂದಿನ ಕಾಲುಗಂಟೆ ಏನೇನು ನಡೆಯಲಿದೆ ಎಂಬುದು ಗೊತ್ತಿರುವ ದಣಿವಿನಿಂದ. ನಮ್ಮ ರಾಮನಗರದಲ್ಲಿ ಉಳಿದವರಿಗೆ ಈ ಕಷ್ಟವಿಲ್ಲ. ಎದುರು ಮನೆಯವರು ರೇಷ್ಮೆ ನೂಲು ತೆಗೆಯುತ್ತಾರೆ. ಪಕ್ಕದ ಮನೆಯ ಹುಡುಗ ಬಿಡದಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದಕ್ಕೆ ಕೊರಳಿಗೆ ಪಟ್ಟಿ ನೇತುಹಾಕಿಕೊಂಡು ಕಂಪನಿ ಬಸ್ಸಿನಲ್ಲಿ ಹೋಗುತ್ತಾನೆ. ‘ಫ್ಯಾಕ್ಟರಿ’ ಎಂದರೆ ಸಾಕು, ಹೆಣ್ಣು ಕೊಡುವವರು ಕೂಡ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಾನು ಮಾತ್ರ ‘ಪಿಟೀಲಿನ ಕಮಾನು ಡಿಸೈನು ಮಾಡುತ್ತೇನೆ’ ಎನ್ನಬೇಕು. ‘ಓ, ಪಿಟೀಲು ಮಾಡ್ತೀರಾ?’ ಎನ್ನುತ್ತಾರೆ. ಪಿಟೀಲಲ್ಲ, ಅದರ ಮೇಲೆ ಆಡಿಸುವ ಕಡ್ಡಿ ಎನ್ನುತ್ತೇನೆ. ‘ಬರೀ ಕಡ್ಡೀನಾ?’ ಎನ್ನುತ್ತಾರೆ. ಕಡ್ಡಿಗೂ ಒಬ್ಬ ಡಿಸೈನರು ಬೇಕೇ ಎಂಬುದನ್ನು ಸಭ್ಯರು ಬಾಯಲ್ಲಿ ಕೇಳುವುದಿಲ್ಲ, ಕಣ್ಣಲ್ಲಿ ಕೇಳುತ್ತಾರೆ. ಕಮಾನು ಬೇಡವೆಂದು ಅಚ್ಚಗನ್ನಡದಲ್ಲಿ ‘ಬಿಲ್ಲು ಮಾಡುತ್ತೇನೆ’ ಎಂದು ನೋಡಿದ್ದೂ ಆಯಿತು. ಯಾವ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೀರಿ ಎಂದು ಕೇಳಿದರು. ಇನ್ನು ವಿವರವಾಗಿ ತಿಳಿಸೋಣವೆಂದು ಬಾಯಿ ತೆರೆದರೆ ‘ಸಾಕು, ಪಿಟೀಲು ಕುಯ್ಬೇಡಿ’ ಎಂದು ನನ್ನ ಕಸುಬಿನಿಂದಲೇ ನನ್ನ ಬಾಯಿ ಮುಚ್ಚಿಸುತ್ತಾರೆ.

ನಾನೇನು ಹುಟ್ಟಾ ಕಮಾನಿನವನಲ್ಲ. ಚನ್ನಪಟ್ಟಣದ ಆಟಿಕೆ ಕಾರ್ಖಾನೆಯೊಂದರಲ್ಲಿ ಬುಗುರಿ, ಗಿಲಕಿಗಳ ಡಿಸೈನು ಮಾಡಿಕೊಂಡು ಸುಖವಾಗಿದ್ದೆ. ಚೀನಾದ ಪ್ಲಾಸ್ಟಿಕ್ ಬೊಂಬೆಗಳು ಬಂದು ನಮ್ಮ ಮರದ ಬುಗುರಿ ಅಂಗಡಿಯ ಮೂಲೆ ಸೇರಿದ ಮೇಲೆ ನಮ್ಮ ಮಾಲೀಕರು ಒಂದು ದಿನ ಕರೆದು, “ಹೊರದೇಶದೋರಿಗೆ ಪಿಟೀಲು ಕಮಾನು ಬೇಕಂತೆ. ನಿಮ್ಮನೇಲಿ ಪಿಟೀಲು ಐತಲ್ಲ, ನೀವೇ ನೋಡ್ಕಳಿ” ಎಂದರು. ಪಿಟೀಲು ಇದ್ದದ್ದು ನಿಜ. ಅದನ್ನು ನುಡಿಸುವವಳು ನನ್ನ ಹೆಂಡತಿ ವಿಶಾಲಾಕ್ಷಿ, ಊರ ಮಕ್ಕಳಿಗೆಲ್ಲ ಪಿಟೀಲು ಟೀಚರಮ್ಮ. ನನಗೆ ಶ್ರುತಿಗೂ ಕುಕ್ಕರಿನ ಸೀಟಿಗೂ ವ್ಯತ್ಯಾಸ ತಿಳಿಯದು. ಮನೆಯಲ್ಲಿ ಹಸು ಇದೆಯೆಂದು ದನದ ಡಾಕ್ಟರನ್ನಾಗಿ ಮಾಡಿದ ಹಾಗಾಯಿತು. ಆಟಿಕೆಯ ಮೆತ್ತನೆ ಮರ ಕಮಾನಿಗೆ ಬರುವುದಿಲ್ಲ, ಎರಡೇ ದಿನಕ್ಕೆ ಸೊಂಟ ಬಿಡುತ್ತದೆ. ರಾಮನ ಬಿಲ್ಲು ಹೊರಕ್ಕೆ ಬಾಗಿದರೆ ಪಿಟೀಲಿನ ಕಮಾನು ಅದಕ್ಕೆ ಕಟ್ಟುವ ಕುದುರೆಕೂದಲ ಕಡೆಗೆ, ಒಳಕ್ಕೆ ಬಾಗಬೇಕು. ಇದನ್ನೆಲ್ಲ ನಾನು ಮರ ಹಾಳುಮಾಡಿಯೇ ಕಲಿತೆ. ಮರ ಕಡೆಯುವ ಲೇತಿನ ರಹಮತ್ ಭಾಯಿಯಂತೂ ಮೊದಲ ಕಮಾನನ್ನು ಆಟಿಕೆಯ ಅಭ್ಯಾಸದಲ್ಲಿ ಕೆಂಪು ಹಳದಿ ಅರಗಿನ ಪಟ್ಟೆ ಹೊಡೆದು ಥಳಥಳ ಹೊಳೆಯಿಸಿದ್ದ. ಅದಾದರೂ ಇರಲಿ, ಕಟ್ಟಿದ ಕುದುರೆಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದ. ಆ ಕೂದಲು ಒರಟಾಗಿದ್ದು ತಂತಿಯನ್ನು ಕಚ್ಚಿದರೆ ತಾನೇ ನಾದ? ನಾನು ತಲೆ ಚಚ್ಚಿಕೊಂಡರೆ ಅವನು ನೊಂದುಕೊಂಡು, “ಕೂದ್ಲು ಅಂದ್ಮೇಲೆ ಎಣ್ಣೆ ಬ್ಯಾಡ್ವಾ ಸಾಬ್?” ಎಂದ. ಮನೆಗೆ ತಂದು ಕೊಟ್ಟೆ. ತಂತಿಯ ಮೇಲೆ ಅದು ಸದ್ದಿಲ್ಲದೆ ಜಾರಿಹೋಯಿತು. “ನಿಮ್ಮ ಕಮಾನಿನಲ್ಲಿ ಒಂದೂ ಅಪಸ್ವರ ಇಲ್ಲ ಕಣ್ರೀ” ಎಂದಳು ವಿಶಾಲಾಕ್ಷಿ.

ಹೀಗೆ ನಗುತ್ತಿದ್ದವಳಿಗೆ ಒಂದು ವರ್ಷ ದೀಪಾವಳಿಯ ಹೊತ್ತಿಗೆ ಬಲಭುಜ ಹಿಡಿದುಕೊಂಡಿತು. ಎಣ್ಣೆ, ಶಾಖ, ಮಾತ್ರೆ, ಬೆಂಗಳೂರಿನ ಡಾಕ್ಟರು, ಎಲ್ಲ ಆಯಿತು. ಜಡೆ ಹಾಕಿಕೊಳ್ಳಲು ಕೈ ಏಳದು. ಪಾಠ ಹೇಳುವಾಗ ಒಂದು ವರ್ಣ ಮುಗಿಯುವಷ್ಟರಲ್ಲಿ ತುಟಿ ಕಚ್ಚಿಕೊಂಡು ಕಮಾನು ಕೆಳಗಿಡುತ್ತಿದ್ದಳು. ಪ್ರತಿ ರಾಮನವಮಿಗೂ ಪೇಟೆ ಬೀದಿಯ ಪೆಂಡಾಲಿನಲ್ಲಿ ಮಾಗಡಿಯ ಹಾಡುಗಾರರೊಬ್ಬರ ಕಚೇರಿ, ಅದಕ್ಕೆ ಇವಳ ಪಕ್ಕವಾದ್ಯ, ಮದುವೆಯಾದಾಗಿನಿಂದ ತಪ್ಪಿದ್ದಿಲ್ಲ. ಒಂದು ದಿನ ನನಗೆ ಸಾರು ಬಡಿಸುತ್ತಾ, “ಈ ರಾಮನವಮಿಗೆ ಆಗಲಿಲ್ಲ ಅಂದ್ರೆ ಪಿಟೀಲನ್ನ ಅಟ್ಟಕ್ಕೆ ಹಾಕ್ಬಿಡಿ. ಕಣ್ಣೆದುರಿಗೆ ಇರೋದು ಬೇಡ” ಎಂದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ ಹೇಳಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಹೊರದೇಶದ ಕಮಾನುಗಳನ್ನೆಲ್ಲ ಬದಿಗಿಟ್ಟು ಇವಳಿಗಾಗಿ ಒಂದು ಹಗುರ ಕಮಾನಿಗೆ ಕೈಹಾಕಿದೆ. ಮೊದಲನೆಯದನ್ನು ಕೈಗೆತ್ತಿಕೊಂಡು “ಭಾರ” ಎಂದಳು. ಹೆರೆದೆ. “ಈಗ ತುದಿ ಭಾರ” ಎಂದಳು. ತುದಿ ಹೆರೆದರೆ ಬುಡ ಭಾರ. ಇನ್ನು ಹೆರೆಯಲು ಏನೂ ಇಲ್ಲವೆಂಬಷ್ಟು ಹೆರೆದಾಗ ಅದು ಮುರಿದು, ಅಂತೂ ಹಗುರವಾಯಿತು. ಆಮೇಲೆ ಮರದ ಸಹವಾಸ ಬಿಟ್ಟು ಬಿದಿರಿಗೆ ಬಂದೆ. ಕನಕಪುರದಿಂದ ಬಲಿತ ಬಿದಿರು ತಂದು, ಸೀಳಿ, ಪಟ್ಟಿಗಳನ್ನು ಅಂಟಿಸಿ, ಬಾಗಿಸಿ, ಮತ್ತೆ ಕೀಳುತ್ತಿದ್ದೆ. ಹಗಲೆಲ್ಲ ಕಾರ್ಖಾನೆಯಲ್ಲಿ ಕಮಾನು, ಸಂಜೆ ಮನೆಯ ಜಗುಲಿಯಲ್ಲಿ ಕಮಾನು. ಊಟಕ್ಕೆ ಕೂತರೆ ನುಗ್ಗೆಕಾಯಿಯನ್ನು ಕೂಡ ಬೆರಳ ಮೇಲೆ ಅಡ್ಡಲಾಗಿಟ್ಟು ತೂಗಿ ನೋಡುವ ಸ್ಥಿತಿಗೆ ಬಂದಿದ್ದೆ.

ಇಂಥ ಸ್ಥಿತಿಯಲ್ಲಿರುವಾಗ ಪೆಂಡಾಲು ಸಮಿತಿಯ ಅಧ್ಯಕ್ಷರಾದ ಚಿಕ್ಕಣ್ಣನವರು ಮನೆಗೆ ಬಂದರು. ವಿಶಾಲಾಕ್ಷಿ ಒಳಗೆ ಮಲಗಿದ್ದಳು.

“ಅಮ್ಮಾವ್ರು ಈ ಸಲ ಕೂತ್ಕತಾರಾ ಸಾ? ಆಗಕಿಲ್ಲ ಅಂದ್ರೆ ಯೋಳ್ಬುಡಿ, ಕೀಬೋರ್ಡ್‌ನೋರ್ನ ಕರ್ಕಬತ್ತೀವಿ. ಒಂದೇ ಪೆಟ್ಗೆ, ಪಿಟೀಲು, ಕೊಳಲು ಎಲ್ಲಾ ಅದ್ರಾಗೇ ಐತೆ.”

ಆ ಪೆಟ್ಟಿಗೆ ಒಮ್ಮೆ ಪೆಂಡಾಲು ಹತ್ತಿದರೆ ಮತ್ತೆ ಇಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗಾಬರಿಯಲ್ಲಿ, “ಬರ್ತಾಳೆ, ಖಂಡಿತಾ ಬರ್ತಾಳೆ. ಅದಕ್ಕೇ ಅಂತ ನಾನೇ ಹೊಸ ಕಮಾನು ಮಾಡ್ತಿದ್ದೀನಿ” ಎಂದೆ.

ಚಿಕ್ಕಣ್ಣನವರ ಮುಖ ಅರಳಿತು. “ನೀವೇಯಾ? ನಮ್ ರಾಮನವಮಿಗಾ?”

“ಹೌದು. ಕೈಯಾರೆ.”

“ಯಾತರಲ್ಲಿ ಮಾಡ್ತಿದ್ದೀರಾ ಸಾ?”

“ಬಿದಿರಲ್ಲಿ.”

“ಬಿದಿರೇ ಆಗ್ಬೇಕು ಬುಡಿ. ಲೈಟು ಇರ್ತದಾ?”

“ತುಂಬಾ ಲೈಟು. ಅಷ್ಟು ಲೈಟಾದ ಕಮಾನನ್ನ ಈ ಊರು ನೋಡಿಲ್ಲ.”

ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಪಿಟೀಲಿನ ಬಗ್ಗೆ ಈ ಮನುಷ್ಯನಿಗೆ ಇಷ್ಟು ಕಳಕಳಿಯೇ ಎಂದು ಗೇಟಿನವರೆಗೂ ಹೋಗಿ ಬೀಳ್ಕೊಟ್ಟೆ. ಎರಡು ದಿನ ಬಿಟ್ಟು ಮೈಕು ಕಟ್ಟಿದ ಆಟೋ ಒಂದು ಬೀದಿಯಲ್ಲಿ ಕೂಗುತ್ತಾ ಹೋಯಿತು: “ಈ ಬಾರಿಯ ಪೆಂಡಾಲಿನ ಭವ್ಯ ವಿದ್ಯುದ್ದೀಪಾಲಂಕೃತ ಸ್ವಾಗತ ಕಮಾನು ಸೇವೆ, ಪಿಟೀಲು ಟೀಚರಮ್ಮನವರ ಯಜಮಾನರಿಂದ!” ನಾನು ಉಳಿ ಹಿಡಿದವನು ಹಾಗೇ ಕೂತೆ. ಹೆಸರು ಬಿಟ್ಟರಲ್ಲ ಎಂದು ಮೊದಲು ಬೇಸರವಾಯಿತು. ಏನಾಗಿದೆ ಎಂಬುದು ಆಮೇಲೆ ಹೊಳೆಯಿತು. ಓಡಿಹೋಗಿ ಚಿಕ್ಕಣ್ಣನವರಿಗೆ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಅವರ ಮುಖ ಸಣ್ಣಗಾಗುತ್ತದೆ. ಸಣ್ಣಗಾದ ಮುಖಕ್ಕೆ ಕೀಬೋರ್ಡು ನೆನಪಾಗುತ್ತದೆ. ಓಡುವುದು ಬಿಟ್ಟು ಮತ್ತೆ ಬಿದಿರು ಹೆರೆಯತೊಡಗಿದೆ.

ವಿಶಾಲಾಕ್ಷಿ ಭುಜ ಹಿಡಿದುಕೊಂಡೇ ನಕ್ಕಳು. “ಹೋಗ್ಲಿ ಬಿಡಿ, ಅದನ್ನಾದ್ರೂ ನಾನು ಎತ್ತಬೇಕಾಗಿಲ್ಲ.”

ಹೀಗೆ ಒಂದೇ ಹಬ್ಬಕ್ಕೆ ಎರಡು ಕಮಾನು ನನ್ನ ಕೊರಳಿಗೆ ಬಿದ್ದವು. ಒಂದು ಲಾರಿ ದಾಟುವಷ್ಟು ಎತ್ತರ, ಇನ್ನೊಂದು ಬೆರಳ ತುದಿಯಲ್ಲಿ ನಿಲ್ಲಬೇಕಾದದ್ದು. ಶಾಮಿಯಾನದ ನಿಂಗಣ್ಣನಿಗೆ ದೊಡ್ಡದರ ನಕ್ಷೆ ಬರೆದುಕೊಟ್ಟು, ಅವನು ಗಳ ನೆಡುವಾಗ ಪಕ್ಕದಲ್ಲಿ ನಿಂತು ಸಣ್ಣದನ್ನು ಗಾಜಿನ ಚೂರಿನಿಂದ ಹೆರೆಯುತ್ತಿದ್ದೆ. “ಎಡಗಂಬ ಸರ್ಯಾಗೈತಾ ನೋಡಿ ಸಾ” ಎಂದು ಅವನು ಕೂಗಿದಾಗ ತಲೆಯೆತ್ತದೆ “ಸರಿಯಾಗಿದೆ” ಎಂದೆ. ಹಬ್ಬದ ಮಧ್ಯಾಹ್ನ ಬಿದಿರಿನ ಕಮಾನಿಗೆ ಕೂದಲು ಕಟ್ಟಿ ಅವಳ ಕೈಗೆ ಕೊಟ್ಟೆ. ಒಂದೆರಡು ಸಲ ತಂತಿಯ ಮೇಲೆ ಎಳೆದಳು. ಚೆನ್ನಾಗಿದೆ ಎನ್ನಲಿಲ್ಲ. ಭಾರ ಎಂದೂ ಎನ್ನಲಿಲ್ಲ. “ಸೀರೆ ಉಡಬೇಕು” ಎಂದು ಒಳಗೆ ಹೋದಳು.

ಸಂಜೆ ಕಚೇರಿಯಲ್ಲಿ ಹಾಡುಗಾರರು ಏನು ಹಾಡಿದರೋ ನನಗೆ ಗೊತ್ತಿಲ್ಲ. ಜನ ಅವರ ಮುಖ ನೋಡುತ್ತಿದ್ದರು, ನಾನು ನನ್ನ ಹೆಂಡತಿಯ ಬಲಭುಜ ನೋಡುತ್ತಿದ್ದೆ. ಈಗ ತುಟಿ ಕಚ್ಚುತ್ತಾಳೆ, ಈಗ ಕೆಳಗಿಡುತ್ತಾಳೆ ಎಂದು ಕಾಯ್ದೆ. ಅವಳು ಇಡಲಿಲ್ಲ. ದೊಡ್ಡ ರಾಗ ಮುಗಿಯಿತು, ಮೃದಂಗದವರ ತನಿ ಆವರ್ತನ ಮುಗಿಯಿತು, ಮಂಗಳವೂ ಆಯಿತು. ಕೊನೆಯಲ್ಲಿ ಚಿಕ್ಕಣ್ಣನವರು ಮೈಕು ಹಿಡಿದು, ಇಷ್ಟು ಲೈಟಿರುವ ಕಮಾನನ್ನು ಊರು ಇದುವರೆಗೆ ಕಂಡಿರಲಿಲ್ಲವೆಂದು ನನಗೆ ಶಾಲು ಹೊದಿಸಿದರು.

ಆಟೋದಲ್ಲಿ ಮನೆಗೆ ಬರುವಾಗ ತಡೆಯಲಾರದೆ ಕೇಳಿದೆ: “ಕಮಾನು ಹೇಗಿತ್ತು?”

ಅವಳು ಕಣ್ಣು ಮುಚ್ಚಿಕೊಂಡೇ, “ಚೆನ್ನಾಗಿತ್ತು. ಎಡಗಡೆಗೆ ಒಸಿ ವಾಲಿತ್ತು ಅಷ್ಟೇ” ಎಂದಳು.

ತಿಂಗಳುಗಟ್ಟಲೆಯ ದುಡಿಮೆ ಎಡಗಡೆಗೆ ವಾಲಿತ್ತು! ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಅದನ್ನು ಜಗುಲಿಗೆ ತಂದು, ನೂಲು ಹಿಡಿದು ನೋಡಿದೆ, ನೆಲಕ್ಕೆ ಮುಖ ಆನಿಸಿ ಒಂದು ಕಣ್ಣು ಮುಚ್ಚಿ ನೋಡಿದೆ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಆದರೂ ನುಡಿಸಿದವಳ ಕೈ ಸುಳ್ಳಾಡುತ್ತದೆಯೇ? ಸೋತ ಮುಖ ಹೊತ್ತು ಅವಳ ಜೊತೆ ತರಕಾರಿ ತರಲು ಹೊರಟೆ. ಪೆಂಡಾಲಿನ ಹತ್ತಿರ ಬಂದಾಗ ಅವಳು ಕೈಯೆತ್ತಿ ತೋರಿಸಿದಳು. “ನೋಡಿ, ನಿನ್ನೇನೇ ಹೇಳಲಿಲ್ವಾ?” ನನ್ನ ಭವ್ಯ ಸ್ವಾಗತ ಕಮಾನು ಎಡಗಂಬವನ್ನು ಚರಂಡಿಯ ಮೆತ್ತನೆ ಮಣ್ಣಿಗೆ ಇಳಿಸಿಕೊಂಡು, ಕುಡಿದು ಬಂದ ಬೀಗರ ಹಾಗೆ ನಿಂತಿತ್ತು. ನಿಂಗಣ್ಣ ಅದರ ಸೀರಿಯಲ್ ಸೆಟ್ ಬಿಚ್ಚುತ್ತಿದ್ದ.

“ಅದಲ್ಲ ಕಣೇ,” ಎಂದೆ, “ನಿನ್ನ ಕೈಯಲ್ಲಿದ್ದ ಕಮಾನು?”

ಅವಳು ನಿಂತು ಯೋಚಿಸಿದಳು. “ಅಯ್ಯೋ, ಅದಾ? ಅದು ಕೈಲಿದ್ದದ್ದೇ ಮರ್ತುಹೋಗಿತ್ತು ಕಣ್ರೀ” ಎಂದು ಚೀಲ ಬೀಸಿಕೊಂಡು ಸೊಪ್ಪಿನವಳ ಕಡೆ ನಡೆದಳು. ಬಲಗೈಯಲ್ಲಿ ಬೀಸುತ್ತಿದ್ದಳು.

ನಾನು ಅಲ್ಲೇ ನಿಂತುಬಿಟ್ಟೆ. ಹೆಗಲ ಮೇಲೆ ಟವೆಲ್ಲೂ ಇರಲಿಲ್ಲ, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡೆ. ನಿಂಗಣ್ಣ ಏಣಿ ಇಳಿದು ಬಂದು, ವಾಲಿದ ಕಮಾನನ್ನೂ ನನ್ನನ್ನೂ ನೋಡಿ, ನನ್ನ ಬೆನ್ನು ತಟ್ಟಿದ.

“ಅಳ್ಬ್ಯಾಡಿ ಸಾ. ಮುಂದ್ಲ ವರ್ಸ ನೆಟ್ಟಗೆ ನಿಲ್ಸ್‌ಬುಡವ.”